ಆಕಾಶದಲ್ಲಿ ಸ್ವಲ್ಪ ನಿಂತುಕೊಳ್ಳಿ

ಸಣ್ಣ ವಿಮಾನ ಹಾರಿಸುವವರ ಕಿವಿಗೆ ದಿನಾ ಬೀಳುವ ಮಾತು ಯಾವುದು ಗೊತ್ತಾ? 'ಸ್ಟ್ಯಾಂಡ್‌ಬೈ'. ಅಂದರೆ ಸ್ವಲ್ಪ ನಿಂತುಕೊಳ್ಳಿ, ಆಮೇಲೆ ನೋಡೋಣ ಅಂತ. ನೆಲದ ಮೇಲೆ ಇದ್ದವರಿಗೆ ಹೇಳಿದರೆ ಸರಿ. ನಾನು ಹಾರಿಸುವುದು ಸೆಸ್ನಾ 172. ನಾಲ್ಕು ಸೀಟು, ಒಂದು ಎಂಜಿನ್ನು. ವೇಗ 50 ನಾಟ್‌ಗಿಂತ, ಅಂದರೆ ಗಂಟೆಗೆ 50 ನಾಟಿಕಲ್ ಮೈಲಿಗಿಂತ, ಕೆಳಗೆ ಇಳಿಯುತ್ತಾ ಹೋದರೆ ಅದು ಹಾರುವ ಕೆಲಸ ಬಿಟ್ಟು ಬೀಳುವ ಕೆಲಸ ಹಿಡಿಯುತ್ತದೆ. ಎಲ್ಲಿ ನಿಲ್ಲಿಸಲಿ ಸ್ವಾಮಿ?

ಇದಕ್ಕಿಂತ ದೊಡ್ಡ ಚೋದ್ಯ ಬೇರೆ ಇದೆ. ಅಮೆರಿಕದಲ್ಲಿ ಮಧ್ಯಮ ಗಾತ್ರದ ಅನೇಕ ವಿಮಾನ ನಿಲ್ದಾಣಗಳ ಸುತ್ತಲಿನ ಆಕಾಶಕ್ಕೆ 'ಕ್ಲಾಸ್ ಸಿ' ಅಂತ ಹೆಸರು. ಸಾಮಾನ್ಯವಾಗಿ ನಿಲ್ದಾಣದ ಸುತ್ತ ಕೆಳಗೆ 5 ನಾಟಿಕಲ್ ಮೈಲಿ, ಮೇಲೆ 10 ಮೈಲಿ ಹರಡಿರುತ್ತದೆ, ಬಿಚ್ಚಿದ ಕೊಡೆಯ ಹಾಗೆ. ಇದರೊಳಗೆ ಹೋಗಲು ಅನುಮತಿ ಬೇಕಿಲ್ಲ, ನೆಲದಲ್ಲಿ ಕೂತು ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಜೊತೆ ಮಾತು ಶುರುವಾಗಿದ್ದರೆ ಸಾಕು. ಮಾತು ಶುರುವಾಯಿತು ಅಂತ ತಿಳಿಯುವುದು ಹೇಗೆ? ಅವರು ನಿಮ್ಮ ವಿಮಾನದ ನಂಬರ್ ಹೇಳಿ 'ಸ್ಟ್ಯಾಂಡ್‌ಬೈ' ಅಂದರೆ ಶುರುವಾಯಿತು, ಒಳಗೆ ಹೋಗಬಹುದು. ನಂಬರ್ ಹೇಳದೆ, 'ಯಾರದು ಕರೆದದ್ದು, ಸ್ಟ್ಯಾಂಡ್‌ಬೈ' ಅಂದರೆ ಶುರುವಾಗಿಲ್ಲ, ಹೊರಗೇ ಇರಬೇಕು. ಅಂದರೆ ಹೆಸರು ಹಿಡಿದು 'ನಿಲ್ಲು' ಅಂದರೆ ನುಗ್ಗಬಹುದು, ಹೆಸರಿಲ್ಲದೆ 'ನಿಲ್ಲು' ಅಂದರೆ ಮಾತ್ರ ನಿಲ್ಲಬೇಕು! ನಾನು ಕಟ್ಟಿದ ಕತೆ ಅಲ್ಲ ಇದು, ಪೈಲಟ್‌ಗಳ ಕೈಪಿಡಿಯಲ್ಲೇ ಇದೆ. ಪಾಠ ಮಾಡುವಾಗ ನನ್ನ ಇನ್‌ಸ್ಟ್ರಕ್ಟರ್ ಇದನ್ನು ಒಂದು ಚೂರೂ ನಗದೆ ಹೇಳಿದರು. ಇನ್ನೂ ದೊಡ್ಡ ನಿಲ್ದಾಣಗಳ ಕ್ಲಾಸ್ ಬಿ ಬೇರೆಯೇ ಲೋಕ, ಅಲ್ಲಿ 'ಕ್ಲಿಯರ್ಡ್' ಅನ್ನುವ ಪದ ಕಿವಿಗೆ ಬೀಳುವ ತನಕ ಒಳಗೆ ಕಾಲಿಡುವ ಹಾಗಿಲ್ಲ.

ಒಂದು ಶನಿವಾರ ಮಧ್ಯಾಹ್ನ. ಆ ಕೊಡೆಯ ಅಂಚು ಇನ್ನು 3 ಮೈಲಿ ದೂರ. ನನ್ನ ವೇಗ 100 ನಾಟ್, ಅಂದರೆ 36 ಸೆಕೆಂಡಿಗೆ ಒಂದು ಮೈಲಿ. ಎರಡು ನಿಮಿಷವೂ ಕೈಯಲ್ಲಿಲ್ಲ. ರೇಡಿಯೋದಲ್ಲಿ ಮಾತ್ರ ಸಂತೆ. ಒಂದು ಸಂದು ಸಿಕ್ಕಿತು ಅಂತ ಬಟನ್ ಒತ್ತಿದೆ. ಅದೇ ಕ್ಷಣಕ್ಕೆ ಇನ್ನೊಬ್ಬರೂ ಒತ್ತಿದರು. ಇಬ್ಬರ ಮಾತೂ ಹೋಗಿ, ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕಿರ್ರ್ ಅಂತ ಸದ್ದು ಬಂತು. ಮತ್ತೆ ಕರೆದೆ. ಉತ್ತರ ಬಂತು: "ಕರೆದ ಸೆಸ್ನಾ, ಸ್ಟ್ಯಾಂಡ್‌ಬೈ."

ಸೆಸ್ನಾ ಅನ್ನುವುದು ನನ್ನ ಹೆಸರಾ? ಅದು ಕಂಪನಿ ಹೆಸರು. 'ಏಯ್ ಕನ್ನಡಕ' ಅಂತ ಕೂಗಿದರೆ ಕನ್ನಡಕ ಹಾಕಿದವರೆಲ್ಲ ತಿರುಗಿ ನೋಡುತ್ತಾರಲ್ಲ, ಹಾಗಾಯಿತು. ಸುಮ್ನೆ ಯಾಕೆ ತಂಟೆ ಅಂತ ಅಂಚಿನ ಹೊರಗೇ ಸುತ್ತು ಹೊಡೆಯಲು ಶುರು ಮಾಡಿದೆ. ಸೆಕೆಂಡಿಗೆ 3 ಡಿಗ್ರಿ ತಿರುಗಿದರೆ ಒಂದು ಸುತ್ತಿಗೆ ಎರಡು ನಿಮಿಷ. ಎರಡನೇ ಸುತ್ತಿಗೆ ಪಕ್ಕದಲ್ಲಿದ್ದ ಗೆಳೆಯ "ದಾರಿ ತಪ್ಪಿತಾ?" ಅಂದ. ಮೂರನೇ ಸುತ್ತಿಗೆ ಏನೂ ಅನ್ನಲಿಲ್ಲ, ವಾಂತಿಯ ಚೀಲ ಹುಡುಕುತ್ತಿದ್ದ.

ಕಂಟ್ರೋಲರ್ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರೇ ಕೂತು ಎರಡು ಫ್ರೀಕ್ವೆನ್ಸಿ ನೋಡಿಕೊಳ್ಳುವುದೂ ಉಂಟು. ಆಗ ಇನ್ನೊಂದು ಕಡೆಯ ಪೈಲಟ್‌ಗಳು ಆಡಿದ್ದು ನಮಗೆ ಕೇಳಿಸುವುದೇ ಇಲ್ಲ. ಪದಗಳ ವಿಷಯದಲ್ಲಿ ಈ ಜನ ಕಟ್ಟುನಿಟ್ಟಾಗಿರುವುದಕ್ಕೂ ಕಾರಣ ಇದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಟೇಕಾಫ್‌ಗೆ ಅನುಮತಿ ಸಿಕ್ಕಿತೋ ಇಲ್ಲವೋ ಅನ್ನುವ ಗೊಂದಲ ಅದರಲ್ಲಿತ್ತು. ಅಂದಿನಿಂದ ಅನುಮತಿ ಕೊಡುವಾಗ ಅಥವಾ ವಾಪಸ್ ಪಡೆಯುವಾಗ ಬಿಟ್ಟರೆ 'ಟೇಕಾಫ್' ಅನ್ನುವ ಪದ ಬಾಯಿಗೆ ಬರಬಾರದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ಒಂದು ಪದವನ್ನು ಇಷ್ಟು ಜತನದಿಂದ ಕಾಯುವವರು, 'ನಿಲ್ಲು' ಅಂದರೆ 'ಬಾ' ಅನ್ನುವುದನ್ನು ಯಾವ ಧೈರ್ಯದಲ್ಲಿ ಹಾಗೇ ಬಿಟ್ಟರೋ!

ನಾಲ್ಕನೇ ಸುತ್ತಿನಲ್ಲಿ ಒಂದು ನಂಬರಿನ ಬಾಲ ಕೇಳಿಸಿತು, ಬೆನ್ನಿಗೇ 'ಸ್ಟ್ಯಾಂಡ್‌ಬೈ'. ಕೊನೆಯ ಮೂರು ಅಕ್ಷರ ನನ್ನದೇ ಅನ್ನಿಸಿತು. ಅಬ್ಬಾ, ಹೆಸರು ಕರೆದರಲ್ಲ ಅಂತ ಒಳಗೆ ಹೋದೆ. ಅರ್ಧ ಮೈಲಿ ಹೋಗಿರಲಿಲ್ಲ, ಈ ಸಲ ನನ್ನ ನಂಬರ್ ಪೂರ್ತಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ, ಇಡೀ ಆಕಾಶಕ್ಕೆ ಕೇಳುವ ಹಾಗೆ ಬಂತು. "ನಿಯಮ ಮೀರಿರುವ ಸಾಧ್ಯತೆ ಇದೆ. ಒಂದು ಫೋನ್ ನಂಬರ್ ಕೊಡುತ್ತೇನೆ, ಬರೆದುಕೊಳ್ಳಲು ರೆಡಿನಾ?"

ರೆಡಿ ಇಲ್ಲ ಅನ್ನೋಕಾಗುತ್ತಾ? ಆಗ 'ಸ್ಟ್ಯಾಂಡ್‌ಬೈ' ಅನ್ನಬೇಕಿತ್ತು ನಾನು. ಹೊಳೆಯಲಿಲ್ಲ.

ಇಳಿದು ಫೋನ್ ಮಾಡಿದೆ. ಅತ್ತ ಕಡೆಯವರು ತುಂಬಾ ಸೌಮ್ಯ. ಟೇಪ್ ಕೇಳಿದ್ದರಂತೆ. ಅದು ನನ್ನ ನಂಬರ್ ಅಲ್ಲವಂತೆ, ಬಾಲ ಒಂದೇ ಥರ ಇದ್ದ ಇನ್ನೊಂದು ವಿಮಾನದ್ದಂತೆ. ಒಳಗೆ ಹೋಗಬೇಕಿದ್ದ ಆ ಪುಣ್ಯಾತ್ಮ ಬಹುಶಃ ಇನ್ನೂ ಹೊರಗೇ ಸುತ್ತುತ್ತಿದ್ದ. ಅಮೆರಿಕದ ವಿಮಾನಯಾನ ನಿಯಮ 91.3ರ ಪ್ರಕಾರ ವಿಮಾನದ ವಿಷಯದಲ್ಲಿ ಕೊನೆಯ ಮಾತು ಪೈಲಟ್‌ನದ್ದು, ಗೊತ್ತಲ್ವಾ ಅಂತ ನೆನಪಿಸಿದರು. ಕೊನೆಯ ಮಾತು ಸರಿ ಸಾರ್, ಮೊದಲ ಮಾತು ಆಡಲು ಸಂದು ಸಿಗಬೇಕಲ್ಲ!

ಇಂಥ ಎಡವಟ್ಟು ಬರೆದು ಕಳಿಸಲು ಒಂದು ಜಾಗ ಇದೆ, ನಾಸಾ. ಹೌದು, ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದವರೇ. 1976ರಿಂದ ಪೈಲಟ್‌ಗಳ ತಪ್ಪೊಪ್ಪಿಗೆ ಕೇಳಿಸಿಕೊಳ್ಳುವ ಕೆಲಸವನ್ನೂ ಮಾಡುತ್ತಿದ್ದಾರೆ. ಬೇಕಂತ ಮಾಡದ ತಪ್ಪನ್ನು 10 ದಿನದೊಳಗೆ ಬರೆದು ಕಳಿಸಿದರೆ ಸಾಮಾನ್ಯವಾಗಿ ಶಿಕ್ಷೆಯಿಂದ ಪಾರಾಗಬಹುದು. ಮೂರು ಪುಟ ಬರೆದೆ, ಸುತ್ತುಗಳ ಚಿತ್ರ ಸಮೇತ. ಕೆಲವು ದಿನ ಬಿಟ್ಟು ರಸೀದಿ ಬಂತು. ಅದರಲ್ಲಿ ನನ್ನ ಹೆಸರು ಪೂರ್ತಿಯಾಗಿ, ಒಂದಕ್ಷರವೂ ತಪ್ಪಿಲ್ಲದೆ ಇತ್ತು.