ಸೆಕ್ವೊರ್ ಎಂಬ ಹಿಂಬಾಲಕ

ಲ್ಯಾಟಿನ್ನಿನಲ್ಲಿ ‘ಡೆಪೊನೆಂಟ್’ ಅಂತ ಒಂದು ಜಾತಿಯ ಕ್ರಿಯಾಪದಗಳಿವೆ. ನೋಡೋಕೆ ಕರ್ಮಣಿ, ಮಾಡುವುದು ಕರ್ತರಿಯ ಕೆಲಸ. ಮದುವೆ ಮನೆಯಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದವರ ಹಾಗೆ. ನಡಿಗೆ ತಮ್ಮದೇ, ಚಪ್ಪಲಿ ಮಾತ್ರ ತಮ್ಮದಲ್ಲ.

ಇವುಗಳಲ್ಲಿ ನನಗೆ ಜಾಸ್ತಿ ಇಷ್ಟ ‘ಸೆಕ್ವೊರ್’. ‘ರೆಗೊರ್’ ಅಂದರೆ ‘ನನ್ನನ್ನು ಆಳುತ್ತಾರೆ’. ಆ ಲೆಕ್ಕದಲ್ಲಿ ಸೆಕ್ವೊರ್ ‘ನನ್ನನ್ನು ಹಿಂಬಾಲಿಸುತ್ತಾರೆ’ ಅಂತ ಆಗಬೇಕಿತ್ತು, ಅಲ್ವಾ? ಇಲ್ಲ, ‘ನಾನೇ ಹಿಂಬಾಲಿಸುತ್ತೇನೆ’ ಅಂತ. ನಾನು, ನೀನು, ಅವನು ಅಂತ ಹೋದರೆ ಸೆಕ್ವೊರ್, ಸೆಕ್ವೆರಿಸ್, ಸೆಕ್ವಿತುರ್. ನಾವು, ನೀವು, ಅವರು ಅಂತಾದರೆ ಸೆಕ್ವಿಮುರ್, ಸೆಕ್ವಿಮಿನಿ, ಸೆಕ್ವುಂತುರ್. ಎಲ್ಲದರಲ್ಲೂ ‘ರ್’ ಗುಡುಗುಡು ಅನ್ನುತ್ತಿರುವಾಗ ‘ನೀವು’ ಒಬ್ಬರೇ ‘ಮಿನಿ’ ಅಂತ ಬೇರೆ ದಾರಿ ಹಿಡಿದಿದ್ದಾರೆ. ‘ಹಿಂದೆ ಬಾ’ ಅನ್ನಲು ‘ಸೆಕ್ವೆರೆ’. ಅದು ನೋಡಿದರೆ ‘ರೆಗೆರೆ’ಯ, ಅಂದರೆ ‘ಆಳುವುದು’ ಅನ್ನುವ ರೂಪದ, ತಮ್ಮನಂತಿದೆ. ಹೊಸದಾಗಿ ಕಲಿಯುವವರನ್ನು ಬೀಳಿಸಲು ತೋಡಿದ ಗುಂಡಿಯೇ ಸರಿ.

ಭೂತಕಾಲದಲ್ಲಿ ಗಂಡಸಾದರೆ ‘ಸೆಕೂತುಸ್ ಸುಮ್’, ಹೆಂಗಸಾದರೆ ‘ಸೆಕೂತ ಸುಮ್’. ಈ ಸೆಕೂತುಸ್ ದೊಡ್ಡ ಅನುಕೂಲದ ಪದ. ಲ್ಯಾಟಿನ್ನಿನ ಸಾಮಾನ್ಯ ಕ್ರಿಯಾಪದಕ್ಕೆ ‘ಬರೆದು’ ಅಂತ ಒಂದೇ ಪದದಲ್ಲಿ ಹೇಳಲು ಬರುವುದಿಲ್ಲ. ಅದರ ‘ಸ್ಕ್ರಿಪ್ತುಸ್’ ಅಂದರೆ ‘ಬರೆಯಲ್ಪಟ್ಟ’. ಡೆಪೊನೆಂಟಿಗೆ ಮಾತ್ರ ‘ಹಿಂಬಾಲಿಸಿ’ ಅಂತ ಸಲೀಸಾಗಿ ಬರುತ್ತದೆ. ಎದ್ದು, ಬಂದು, ಕೂತು, ಉಂಡು ಅನ್ನದೆ ಒಂದು ವಾಕ್ಯವನ್ನೂ ಮುಗಿಸದ ನಮಗೆ ಇದರ ಬೆಲೆ ಗೊತ್ತು.

ಡೆಪೊನೆಂಟ್ ಅಂದರೆ ಏನನ್ನೋ ಕೆಳಗಿಟ್ಟದ್ದು. ಕರ್ಮಣಿಯ ಅರ್ಥವನ್ನು ಇಳಿಸಿಬಿಟ್ಟಿದೆ ಅಂತ ಹಳೆಯ ವೈಯಾಕರಣರ ಲೆಕ್ಕ. ನನಗೆ ಇದು ಸುಮ್ನೆ ಹೊರಿಸಿದ ಆರೋಪ ಅನ್ನಿಸುತ್ತದೆ. ಸೆಕ್ವಿತುರ್‌ನ ದಾಯಾದಿಗಳನ್ನು ನೋಡಿ: ಸಂಸ್ಕೃತದಲ್ಲಿ ಸಚತೇ, ಗ್ರೀಕಿನಲ್ಲಿ ಹೆಪೆತೈ. ಸಚತೇ ಆತ್ಮನೇಪದ. ಪಚತಿ ಅಂದರೆ ಬೇರೆಯವರಿಗೆ ಅಡುಗೆ, ಪಚತೇ ಅಂದರೆ ತನಗೇ ಅಡುಗೆ ಅಂತ ಮೇಷ್ಟ್ರು ಹೇಳಿಕೊಡುತ್ತಾರಲ್ಲ, ಅದೇ. ನಾವು ಇದನ್ನು ‘ಕೊಳ್ಳು’ ಸೇರಿಸಿ ‘ಮಾಡಿಕೊಂಡೆ’ ಅಂತ ಮುಗಿಸುತ್ತೇವೆ. ಗ್ರೀಕಿನ ಹೆಪೆತೈ ಕೂಡ ಇದೇ ಗುಂಪಿನದು. ಮಾಡಿದವನಿಗೇ ಬಂದು ತಟ್ಟುವ ಕೆಲಸಗಳಿಗೆ ಈ ಭಾಷೆಗಳ ಮೂಲದಲ್ಲೇ ಒಂದು ಸಾಲು ಪ್ರತ್ಯಯಗಳಿದ್ದವು. ಲ್ಯಾಟಿನ್ನಿನ ಕರ್ಮಣಿ ಬೆಳೆದದ್ದು ಅವುಗಳಿಂದಲೇ. ಅಂದಮೇಲೆ ಚಪ್ಪಲಿ ಮೊದಲಿನಿಂದ ಡೆಪೊನೆಂಟಿನದೇ ಆಯಿತು. ಕದ್ದದ್ದು ಕರ್ಮಣಿ!

ಹುಟ್ಟು ಸಾವು ಎರಡೂ ಈ ಗುಂಪಿನಲ್ಲೇ ಇವೆ. ಗೀತೆಯಲ್ಲಿ ಕೇಳಿದ ‘ಜಾಯತೇ, ಮ್ರಿಯತೇ’ ಎರಡೂ ಆತ್ಮನೇಪದ. ಲ್ಯಾಟಿನ್ನಿನ ನಾಸ್ಕೊರ್, ಮೊರಿಯೊರ್ ಎರಡೂ ಡೆಪೊನೆಂಟ್.

ಬೀದಿಯ ಲ್ಯಾಟಿನ್ ಈ ಗೊಡವೆಯನ್ನೆಲ್ಲ ಬಿಟ್ಟುಬಿಟ್ಟಿತು. ಇಟಾಲಿಯನ್ನಿನ ಸೆಗ್ವೀರೆ, ಫ್ರೆಂಚಿನ ಸ್ವೀವ್ರ್ ನೆಟ್ಟಗೆ ಕರ್ತರಿಯೇ. ನಾವು ದಿನಾ ಹೇಳುವ ‘ಸೆಕೆಂಡ್’ ಕೂಡ ಸೆಕ್ವೊರ್ ಸಂತಾನ, ಮೊದಲನೆಯದರ ಹಿಂದೆ ಬರುವುದು ಅಂತ. ಸಚತೇಯ ಕಡೆಯಿಂದ ನಮಗೆ ಬಂದದ್ದು ‘ಸಚಿವ’. ದೊರೆಯ ಜೊತೆಗೆ, ಹಿಂದೆ ಹಿಂದೆ ಹೋಗುವವನು. ಈಗ ಅವರು ಊರಿಗೆ ಬಂದರೆ ಹಿಂದೆ ಎಷ್ಟು ಕಾರು ಬರುತ್ತವೆ ಅಂತ ಎಣಿಸಿ ನೋಡಿ.