ಏನಮ್ಮಾ, ಇವತ್ತು?

ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿಕೊಂಡು ಅಂಗಡಿಗೆ ಹೋಗಿ ಮೊಟ್ಟೆ ಕೇಳುವ ಕಷ್ಟ ಶತ್ರುವಿಗೂ ಬೇಡ. ಇವತ್ತು ಬೆಳಿಗ್ಗೆ ಅಂಗಡಿಯವನು ಮೊಟ್ಟೆಯನ್ನು ಪೇಪರಿನಲ್ಲಿ ಸುತ್ತುತ್ತಾ, ಬೇಕಂತಲೇ ಎಲ್ಲರಿಗೂ ಕೇಳೋ ಹಾಗೆ, "ಏನಕ್ಕಾ, ನಿಮ್ಮ ಕೋಳಿಗಳು ನೋಡಿ ಕಲೀಲಿ ಅಂತಾನಾ?" ಅಂದ.

ಎರಡು ನಾಟಿ, ಎರಡು ಗಿರಿರಾಜ. ತಿನ್ನೋದರಲ್ಲಿ ಯಾವುದೂ ಹಿಂದೆ ಬಿದ್ದಿಲ್ಲ. ರಾಗಿ, ನುಚ್ಚು, ಕಷ್ಟಪಟ್ಟು ಬೆಳೆಸಿದ ದಂಟಿನ ಸೊಪ್ಪು, ಎಲ್ಲಾ ಸ್ವಾಹಾ. ಮೊಟ್ಟೆ ಮಾತ್ರ ಇಲ್ಲ. ಕೆಂಚಿ ಅನ್ನೋ ನಾಟಿ ಹ್ಯಾಟೆಯಂತೂ ಕಾವಿಗೆ ಕೂತಿದೆ. ಎತ್ತಿ ನೋಡಿದರೆ ಅಡಿಯಲ್ಲಿ ಒಂದು ಈರುಳ್ಳಿ! ಕಿತ್ತುಕೊಳ್ಳೋಕೆ ಹೋದರೆ ಮೈಯೆಲ್ಲಾ ಉಬ್ಬಿಸಿಕೊಂಡು ಕುಕ್ಕೋಕೆ ಬರುತ್ತದೆ. ಇಟ್ಕೋ ತಾಯಿ ಅಂತ ಬಿಟ್ಟೆ.

ಇದಕ್ಕಿಂತ ದೊಡ್ಡ ಕಾಟ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರದು. ದಿನಾ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕಾಂಪೌಂಡಿನ ಮೇಲಿಂದ ಇಣುಕುತ್ತಾರೆ. "ಏನಮ್ಮಾ, ಇವತ್ತು?" ಅಷ್ಟೇ, ಹಾಜರಿ ಕರೆದ ಹಾಗೆ. ಇಲ್ಲ ಅಂದರೆ ಹೋಗಿ ನೊರೆ ಉಗಿದು ಬಂದು ಒಂದು ಕಾರಣ ಹೇಳುತ್ತಾರೆ. ಮೊದಲು ದೃಷ್ಟಿ ಆಯಿತು. ಆಮೇಲೆ ಮೊಬೈಲ್ ಟವರ್. ಒಂದಿನ "ಹುಂಜನೇ ಇಲ್ಲದೆ ಮೊಟ್ಟೆ ಹ್ಯಾಗಮ್ಮಾ?" ಅಂದರು. ಹುಂಜ ಬೇಕಿರೋದು ಮರಿಗೆ, ಮೊಟ್ಟೆಗಲ್ಲ. ಜೀವನವಿಡೀ ವಿಜ್ಞಾನ ಪಾಠ ಮಾಡಿದವರಿಗೆ ಇದನ್ನು ನಾನು ಹೇಳಬೇಕು!

ಕೊನೆಗೆ ಪಶುವೈದ್ಯರಿಗೇ ಫೋನ್ ಮಾಡಿದೆ. ಪರೀಕ್ಷೆ ಹೇಳಿಕೊಟ್ಟರು: ಬಾಲದ ಕೆಳಗೆ ಎರಡು ಮೂಳೆ ತುದಿ ಕೈಗೆ ಸಿಗುತ್ತವೆ, ಮಧ್ಯೆ ಎರಡು ಮೂರು ಬೆರಳು ಹಿಡಿದರೆ ಕೋಳಿ ಮೊಟ್ಟೆ ಇಡುತ್ತಿದೆ, ಒಂದೇ ಹಿಡಿದರೆ ಇಲ್ಲ. ಸರಿ, ಗಿರಿರಾಜನನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಅದರ ತಲೆ ನನ್ನ ಬೆನ್ನ ಕಡೆ, ಬಾಲ ನನ್ನ ಮೂಗಿನ ಮುಂದೆ. ಕಣ್ಣು ಮುಚ್ಚಿ ಮೂಳೆ ಹುಡುಕುತ್ತಿದ್ದೇನೆ, ಮೇಲಿಂದ ದನಿ ಬಂತು: "ಏನಮ್ಮಾ, ನಾಡಿ ನೋಡ್ತಿದ್ದೀಯಾ?" ನನ್ನ ಕೈ ಸಡಿಲವಾಯಿತು. ಗಿರಿರಾಜ ಪಟಪಟ ಅಂತ ಹಾರಿ ಮೇಷ್ಟ್ರ ಮುಖಕ್ಕೆ ರೆಕ್ಕೆ ಬಡಿದು ಆ ಕಡೆ ಇಳಿಯಿತು. ಅವತ್ತು ಅವರು ನೊರೆ ಉಗಿಯೋಕೆ ಹೋಗಲಿಲ್ಲ. ನುಂಗಿಬಿಟ್ಟಿದ್ದರು. ನನಗೆ ತುಂಬಾ ಸಮಾಧಾನವಾಯಿತು.

ಊರಲ್ಲಿ ಅಜ್ಜಿಗೆ ಫೋನೂ ಬೇಡ, ಡಾಕ್ಟರೂ ಬೇಡ. ಬೆಳಿಗ್ಗೆ ಗೂಡು ತೆಗೆಯೋವಾಗಲೇ ಒಂದೊಂದನ್ನೂ ಹಿಡಿದು ಬೆರಳಿಟ್ಟು ನೋಡಿ, "ಇದು ಇವತ್ತು ಇಡ್ತದೆ" ಅಂತ ಮಂಕರಿ ಕವುಚಿಬಿಡುತ್ತಿದ್ದಳು. ತಪ್ಪುತ್ತಲೇ ಇರಲಿಲ್ಲ. ಆಗ ತಾನೇ ಇಟ್ಟ ಬೆಚ್ಚಗಿನ ಮೊಟ್ಟೆಯನ್ನು ನನ್ನ ಕೆನ್ನೆಗೆ ಒತ್ತಿ ನಗುತ್ತಿದ್ದಳು. ಅವಳ ಬೆರಳಿಗೆ ಸುಣ್ಣ, ಹೊಗೆಸೊಪ್ಪಿನ ವಾಸನೆ.

ಡಾಕ್ಟರ ಪ್ರಕಾರ ಇವುಗಳಿಗೆ ಕಾಯಿಲೆ ಏನಿಲ್ಲ. ಹಳೇ ಗರಿ ಉದುರಿ ಹೊಸದು ಬರೋ ಕಾಲ. ತಿಂದ ಪ್ರೋಟೀನೆಲ್ಲಾ ಗರಿಗೇ ಖರ್ಚು. ಮೇಲಾಗಿ ಮೊಟ್ಟೆಗೆ ದಿನಕ್ಕೆ 14 ಗಂಟೆ ಬೆಳಕು ಇದ್ದರೆ ಒಳ್ಳೇದು. ನಮ್ಮಲ್ಲಿ ಡಿಸೆಂಬರಿನ ಹಗಲು 11 ಗಂಟೆ ಚಿಲ್ಲರೆ. ಇದನ್ನು ಹೋಗಿ ಮೇಷ್ಟ್ರಿಗೆ ಹೇಳಿದೆ ನೋಡಿ. ಸಂಜೆಯೊಳಗೆ ಅವರೇ ಗೂಡಿಗೆ ಬಲ್ಬು ಕಟ್ಟಿಬಿಟ್ಟರು. ಬಲ್ಬು ಅವರದು, ಕರೆಂಟು ನನ್ನದು. ಈಗ ಕೋಳಿಗಳು ನಾಲ್ಕು ಗಂಟೆಗೇ ಎದ್ದು ಇಡೀ ಬೀದಿ ಎಬ್ಬಿಸುತ್ತವೆ. ಮೇಷ್ಟ್ರೂ ಅಷ್ಟು ಹೊತ್ತಿಗೇ ಬ್ರಷ್ ಹಿಡಿದು ಹಾಜರ್.

ಪ್ರಶ್ನೆ ಮಾತ್ರ ಬದಲಾಗಿದೆ. "ಏನಮ್ಮಾ, ಕರೆಂಟ್ ಬಿಲ್ ಬಂತಾ?"