ನೆರಳಿನ ಪಾಳಿ

ಪರವೂರಿಗೆ ಹೋದ ಕೆಲಸ ಎಣಿಸಿದ್ದಕ್ಕಿಂತ ಬೇಗ ಮುಗಿದು, ರೈಲಿಗೆ ಇನ್ನೂ ಅರ್ಧ ದಿನ ಉಳಿದಿದ್ದರೆ ಎಲ್ಲಿ ಕೂರಬೇಕೆಂಬುದೇ ದೊಡ್ಡ ಚಿಂತೆಯಾಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಸಿದ್ಧ ಉತ್ತರವುಂಟು. ಕಬ್ಬನ್ ಪಾರ್ಕಿನ ಮರಗಳ ಅಡಿಯಲ್ಲಿ ಒಂದಿಷ್ಟು ಹೊತ್ತು, ಅಲ್ಲಿಂದೆದ್ದು ಕಸ್ತೂರಬಾ ರಸ್ತೆಯ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದಿಷ್ಟು ಹೊತ್ತು, ಪಕ್ಕದಲ್ಲೇ ಇರುವ ವೆಂಕಟಪ್ಪ ಚಿತ್ರಶಾಲೆಯಲ್ಲಿ ಮತ್ತೊಂದಿಷ್ಟು. ಹಸಿವಾದರೆ ನಡೆದು ಹೋಗುವಷ್ಟು ದೂರದಲ್ಲಿ ದೋಸೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಲ್ಲಿ ಇಂಥ ಲೆಕ್ಕಾಚಾರವನ್ನೆಲ್ಲ ಸೂರ್ಯನೇ ಮಾಡಿಕೊಡುತ್ತಾನೆ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಾಗಾಗಿ ಉದ್ಯಾನ, ವಸ್ತುಸಂಗ್ರಹಾಲಯ, ಖಾನಾವಳಿ ಮೂರೂ ಇಲ್ಲಿ ಪಾಳಿಯ ಮೇಲೆ ದುಡಿಯುವ ನೌಕರರಂತೆ ಒಂದಾದ ಮೇಲೊಂದು ಬಂದು ಪ್ರಯಾಣಿಕನಿಗೆ ನೆರಳು ಕೊಡುತ್ತವೆ.

ಮೂವರಲ್ಲಿ ಉದ್ಯಾನವೇ ಸ್ವಲ್ಪ ಮೈಗಳ್ಳ. ಬೆಳಿಗ್ಗೆ ಸಕ್ಕರೆ ಕಾಯಿಲೆಯವರ ಬಿರುಸಿನ ನಡಿಗೆ, ನಿವೃತ್ತ ಮೇಷ್ಟರುಗಳ ರಾಜಕೀಯ ಚರ್ಚೆ, ಕಬ್ಬಿಣದ ವ್ಯಾಯಾಮ ಯಂತ್ರಗಳ ಕಿರ್ರೆಂಬ ಸದ್ದು ಮುಗಿಯುತ್ತಿದ್ದಂತೆಯೇ ಎಷ್ಟೋ ಕಡೆ ಗೇಟಿಗೆ ಬೀಗ ಬೀಳುತ್ತದೆ. ಅದು ಮತ್ತೆ ತೆರೆಯುವುದು ಬಿಸಿಲು ಇಳಿದ ಮೇಲೆಯೇ. ನೆರಳು ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲಿ ನೆರಳಿಗೆ ಬೀಗ ಹಾಕುವ ಈ ನಿಯಮವನ್ನು ಯಾರು ಮಾಡಿದರೋ, ಅವರು ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತು ಮಾಡಿರಬೇಕು. ಬಾಗಿಲು ತೆರೆದಿದ್ದರೂ ಕಂಬದಂತೆ ನೆಟ್ಟಗೆ ಬೆಳೆಯುವ ಅಲಂಕಾರದ ಅಶೋಕ ಮರಗಳಿಂದ ಯಾರಿಗೂ ಪ್ರಯೋಜನವಿಲ್ಲ. ಅವುಗಳ ನೆರಳು ಅವುಗಳ ಬುಡಕ್ಕೇ ಸಾಲದು. ದಿವಂಗತರ ಸ್ಮರಣಾರ್ಥ ಹಾಕಿಸಿದ ಕಲ್ಲಿನ ಬೆಂಚುಗಳೋ, ಸಂಜೆ ಐದಕ್ಕೂ ಹಗಲಿನ ಕಾವನ್ನು ಬಿಟ್ಟುಕೊಟ್ಟಿರುವುದಿಲ್ಲ. ನಮ್ಮ ಸೀಮೆಯ ನಿಜವಾದ ಉದ್ಯಾನಗಳನ್ನು ನೋಡಬೇಕೆಂದರೆ ಹಳೆಯ ಸರ್ಕಾರಿ ಕಚೇರಿಗಳ ಆವರಣಕ್ಕೆ ಹೋಗಬೇಕು. ಅಲ್ಲಿ ಯಾರೂ ಕತ್ತರಿಸಿ ಅಂದಗೊಳಿಸದ ಬೇವಿನ ಮರಗಳಿರುತ್ತವೆ, ಅವುಗಳ ಕೆಳಗೆ ಪಹಣಿಗಾಗಿ ಬಂದ ರೈತರು ಟವೆಲ್ ಹಾಸಿಕೊಂಡು ಮಲಗಿರುತ್ತಾರೆ.

ಮಧ್ಯಾಹ್ನದ ಪಾಳಿ ವಸ್ತುಸಂಗ್ರಹಾಲಯದ್ದು. ರಾಯಚೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಕೋಟೆಯ ನವರಂಗ ದರ್ವಾಜಾದಲ್ಲಿ. ದಪ್ಪ ಕಲ್ಲಿನ ಗೋಡೆಗಳ ಒಳಗೆ ಕಾಲಿಟ್ಟ ಕೂಡಲೇ ಹೊರಗಿನ ಬಿಸಿಲೂ ಆಟೋಗಳ ಗದ್ದಲವೂ ಹಿಂದೆ ಉಳಿಯುತ್ತವೆ. ವಾರದ ರಜೆ ಯಾವತ್ತೆಂದು ಮಾತ್ರ ಮೊದಲೇ ವಿಚಾರಿಸಿಕೊಂಡು ಹೋಗುವುದು ಕ್ಷೇಮ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ಶತಮಾನಗಳ ಕಾಲ ರಾಜರು ಹೊಡೆದಾಡಿದರು; 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು ಇದೇ ಕೋಟೆಯ ಸಲುವಾಗಿ. ಆದರೆ ಈ ಊರಿನಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಳ್ಳುವ ಕಲಾಕೃತಿ ಸಂಗ್ರಹಾಲಯದ ಒಳಗಿಲ್ಲ, ಕೋಟೆಯ ಪಶ್ಚಿಮದ ಗೋಡೆಯಲ್ಲಿದೆ. ಅಲ್ಲಿ 40 ಅಡಿಗೂ ಮೀರಿದ ಉದ್ದದ ಒಂದೇ ಚಪ್ಪಡಿ ಕಲ್ಲಿದ್ದು, ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ವಿವರವನ್ನು ಅದರ ಮೇಲೆ ಕೆತ್ತಿದ್ದಾರೆ. ಇಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರೆಂಬ ನಮ್ಮ ಪ್ರಶ್ನೆಯನ್ನು ಆ ಶಿಲ್ಪಿಗಳು ಮೊದಲೇ ಊಹಿಸಿದ್ದರೆಂದು ತೋರುತ್ತದೆ, ಏಕೆಂದರೆ ಅದೇ ಗೋಡೆಯ ಮೇಲೆ ಉತ್ತರವನ್ನೂ ಬಿಡಿಸಿಟ್ಟಿದ್ದಾರೆ. ಗಟ್ಟಿ ಗಾಲಿಗಳ ಬಂಡಿಯ ಮೇಲೆ ಕಲ್ಲು ಮಲಗಿದೆ, ಮುಂದೆ ಕೋಣಗಳ ಉದ್ದನೆಯ ಸಾಲು ಎಳೆಯುತ್ತಿದೆ, ಹೊಡೆಯುವವರು ಅವುಗಳನ್ನು ಹುರಿದುಂಬಿಸುತ್ತಿದ್ದಾರೆ, ಹಿಂದಿನವರು ಗಾಲಿಗಳಿಗೆ ಸನ್ನೆಗೋಲು ಹಾಕಿ ಮೀಟುತ್ತಿದ್ದಾರೆ. ಗೆದ್ದ ರಾಜರ ಚಿತ್ರಗಳು ಎಲ್ಲೆಲ್ಲೂ ಸಿಗುತ್ತವೆ. ಕಲ್ಲು ಸಾಗಿಸಿದ ಕೋಣಗಳಿಗೆ ಕೋಟೆಯ ಗೋಡೆಯಲ್ಲೇ ಜಾಗ ಕೊಟ್ಟ ಊರು ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ.

ಬಳ್ಳಾರಿಯ ವಸ್ತುಸಂಗ್ರಹಾಲಯ ರಾಜರಿಗಿಂತ ಬಹಳ ಹಿಂದಕ್ಕೆ ಹೋಗುತ್ತದೆ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಗುಡ್ಡಗಳನ್ನೂ ಅಲೆದಾಡಿದವರು. ಅವರ ಹೆಸರಿನ ಈ ಸಂಗ್ರಹಾಲಯದಲ್ಲಿ ಊರಿನ ಅಂಚಿನ ಸಂಗನಕಲ್ಲಿನ ಸಾಮಗ್ರಿಗಳಿಗೇ ಮುಖ್ಯ ಸ್ಥಾನ. ಸುಮಾರು 4,000 ವರ್ಷಗಳ ಹಿಂದೆ ಅಲ್ಲಿಯ ಹಿರೇಗುಡ್ಡ ಒಂದು ಕಾರ್ಖಾನೆಯೇ ಆಗಿತ್ತು. ಕಪ್ಪು ಡೋಲರೈಟ್ ಶಿಲೆಯನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ಉಜ್ಜಿ ಉಜ್ಜಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಉಜ್ಜಿದ ಜಾಗದಲ್ಲಿ ಬಿದ್ದ ನುಣುಪಾದ ತಗ್ಗುಗಳು ಇಂದಿಗೂ ಉಳಿದಿವೆ. ಗಾಜಿನ ಹಿಂದಿನ ಒಂದು ಕೊಡಲಿಯನ್ನು ದಿಟ್ಟಿಸಿದರೆ ಅದರ ಬಾಯಿ ಎಷ್ಟು ಸಮವಾಗಿದೆಯೆಂದರೆ, ಸಾಣೆ ಹಿಡಿದವನು ಹೆಬ್ಬೆರಳಿನಿಂದ ಅದನ್ನು ಮತ್ತೆ ಮತ್ತೆ ಸವರಿ ನೋಡಿರುವುದರಲ್ಲಿ ಅನುಮಾನವಿಲ್ಲ. ಅವರೂ ಬಿಸಿಲಿಗೆ ಹೆದರಿ ಮಧ್ಯಾಹ್ನ ಕೆಲಸ ನಿಲ್ಲಿಸುತ್ತಿದ್ದರೇ ಎಂದು ಕೇಳಬೇಕೆನಿಸುತ್ತದೆ. ಪಕ್ಕದ ಕಪ್ಪಗಲ್ಲಿನ ಗುಡ್ಡದಲ್ಲಿ ಕುಟ್ಟಿ ಬಿಡಿಸಿದ ಗೂಳಿಗಳ ಚಿತ್ರಗಳಿವೆ, ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಇವೆ. ಅವುಗಳನ್ನು ನೋಡುವ ಆಸೆಯಿದ್ದವರು ಸೂರ್ಯೋದಯಕ್ಕೇ ಹೊರಡುವುದು ಒಳ್ಳೆಯದು.

ಕೊಪ್ಪಳದಲ್ಲಿ ಚಿತ್ರಶಾಲೆಯನ್ನು ಹುಡುಕುವ ಬದಲು ಕಿನ್ನಾಳಕ್ಕೆ ಹೋಗಬಹುದು. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಸಂದುಗಳನ್ನು ಕೂಡಿಸಿ, ಹೊಳೆಯುವ ಬಣ್ಣ ಬಳಿಯುವ ಚಿತ್ರಗಾರರ ಮನೆಗಳೇ ಅಲ್ಲಿ ಪ್ರದರ್ಶನದ ಕೊಠಡಿಗಳು. ಬಣ್ಣ ಒಣಗುವವರೆಗೆ ಅವರಿಗೂ ಕಾಯುವ ಕೆಲಸ, ನೋಡುವವನಿಗೂ ಕಾಯುವ ಕೆಲಸ.

ಖಾನಾವಳಿ ಮತ್ತು ಮಿರ್ಚಿ ಅಂಗಡಿಗಳು ಮಾತ್ರ ಯಾವ ಪಾಳಿಗೂ ರಜೆ ಹಾಕುವುದಿಲ್ಲ. ಬೆಳಿಗ್ಗೆ ಬಳ್ಳಾರಿಯಲ್ಲಿ ಒಗ್ಗರಣೆ ಮಿರ್ಚಿ, ರಾಯಚೂರಿನಲ್ಲಿ ಸೂಸಲ ಮಿರ್ಚಿ; ಸಾಮಗ್ರಿ ಬಹುಪಾಲು ಒಂದೇ ಆದರೂ ಎರಡೂ ಊರಿನವರು ಇದನ್ನು ಒಪ್ಪುವುದಿಲ್ಲ. ಮಂಡಕ್ಕಿಯನ್ನು ನೀರಿಗೆ ಹಾಕಿ, ಅದು ಮೆತ್ತಗಾಗುವುದಕ್ಕೂ ಮುದ್ದೆಯಾಗುವುದಕ್ಕೂ ನಡುವಿನ ಗಳಿಗೆಯಲ್ಲಿ ಎತ್ತಿ, ಎರಡೂ ಅಂಗೈಗಳ ನಡುವೆ ಹಿಂಡಿ, ಈರುಳ್ಳಿ ಅರಿಶಿನದ ಒಗ್ಗರಣೆಗೆ ಸುರಿದು, ಮೇಲೆ ಹುರಿಗಡಲೆಯ ಪುಡಿಯನ್ನು ಧಾರಾಳವಾಗಿ ಉದುರಿಸಬೇಕು. ಆ ಪುಡಿಯಲ್ಲಿ ಜಿಪುಣತನ ತೋರಿದ ಅಂಗಡಿಗೆ ನಾನು ಮತ್ತೆ ಹೋಗುವುದಿಲ್ಲ. ಮಿರ್ಚಿಗಾಗಿ ಕಾದು ನಿಂತವನಿಗೆ ಬಾಣಲೆಯ ಹಿಂದಿನಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: "ಕುಂದರ್ರಿ ಅಣ್ಣಾರ, ಎರಡ್ ನಿಮಿಷದಾಗ ಬಿಸೀದು ತೆಗೀತೀನಿ." ಆ ಎರಡು ನಿಮಿಷ ಹತ್ತಾಗುತ್ತದೆ, ಯಾರೂ ಬೇಸರಿಸುವುದಿಲ್ಲ.

ಮಧ್ಯಾಹ್ನದ ಖಾನಾವಳಿಯಲ್ಲಂತೂ ಖಡಕ್ ರೊಟ್ಟಿಯನ್ನು ಅವಸರದಲ್ಲಿ ತಿನ್ನಲು ಬರುವುದೇ ಇಲ್ಲ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಬದನೆಕಾಯಿ ಎಣ್ಣೆಗಾಯಿ ಇವುಗಳ ನಡುವೆ ಅದನ್ನು ಮುರಿಯುತ್ತ ಹೋದರೆ ಅರ್ಧ ಗಂಟೆ ತಾನಾಗಿ ಕಳೆಯುತ್ತದೆ. ದುಡ್ಡು ಕೊಟ್ಟು ಎದ್ದವನನ್ನು ನೋಡಿ ಗಲ್ಲೆಯ ಮೇಲಿನ ಯಜಮಾನರು, "ಈ ಬಿಸಲಾಗ ಎಲ್ಲಿ ಹೊಂಟ್ರಿ? ಇನ್ನೊಂದ್ ಗ್ಲಾಸ್ ಮಜ್ಜಿಗಿ ಕುಡೀರಿ" ಎನ್ನುತ್ತಾರೆ, ಆ ಮಜ್ಜಿಗೆಗೆ ಎಷ್ಟೋ ಕಡೆ ಲೆಕ್ಕವಿರುವುದಿಲ್ಲ. ಬೆಂಗಳೂರಿನ ದರ್ಶಿನಿಗಳಲ್ಲಿ ಇಡ್ಲಿ ಮೃದುವಾಗಿರುತ್ತದೆ, ಕಾಫಿಯೂ ಚೆನ್ನಾಗಿರುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಕುರ್ಚಿಯೇ ಇರುವುದಿಲ್ಲ.